ವೀರಭದ್ರಮ್ಮ ತಂದ ಬುತ್ತಿ

ದೊಡ್ಡಬಸಪ್ಪ ಒದ್ದ ರಭಸಕ್ಕೆ ಬುತ್ತಿಯ ಪುಟ್ಟಿ ಅಂಗಳದ ಆಚೆ ಬದಿಗೆ ಹೋಗಿ ಬಿತ್ತು. ಕಟ್ಟಿದ್ದ ಬಟ್ಟೆ ಬಿಚ್ಚಿ ಜೋಳದ ರೊಟ್ಟಿಗಳು ಮಣ್ಣಿನಲ್ಲಿ ಚೆಲ್ಲಿದವು. ಬುತ್ತಿ ಹೊತ್ತು ತಂದ ವೀರಭದ್ರಮ್ಮನ ತುರುಬು ಅವನ ಎಡಗೈಯಲ್ಲಿತ್ತು. ಬಲಗೈಯಲ್ಲಿ ಕೊಡಲಿ.

“ನಿನ್ನ ಗಂಡ ನನ್ನ ತಮ್ಮನ ತಲಿ ಒಡದಾನ. ನೀ ನಮಗ ರೊಟ್ಟಿ ಉಣಸಾಕ ಬಂದೀಯೇನಲೇ?”

“ಹೊಡೀರಿ ಅಣ್ಣಾರ. ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲಂತ ತಂದೀನಿ.”

ಅವಳ ಮಗಳು ನೀಲಮ್ಮ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಸಿರುಗುಪ್ಪದ ಹೈಸ್ಕೂಲಿನ ನೀಲಿ ಲಂಗದಲ್ಲೇ ಬಂದಿದ್ದಳು.

ಒಳಗಿನಿಂದ ದೊಡ್ಡಬಸಪ್ಪನ ತಂಗಿ ಗುರುಬಸಮ್ಮ ಓಡಿಬಂದಳು. ಅವನು ಕೊಡಲಿ ತಿರುಗಿಸಿ ಅದರ ಮೊಂಡು ಬದಿಯಿಂದ ಬೀಸಿದ. ವೀರಭದ್ರಮ್ಮನಿಗೆ ಬೀಳಬೇಕಿದ್ದ ಏಟು ನಡುವೆ ಚಾಚಿದ ತಂಗಿಯ ಬಲಗೈಗೆ ಬಿತ್ತು. ಒಣ ಪುಳ್ಳೆ ಮುರಿದಂಥ ಸಪ್ಪಳ. ಗುರುಬಸಮ್ಮ ಮೊಣಕಾಲೂರಿ ಕೂತಳು.

ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ, ತುರ್ತುಪರಿಸ್ಥಿತಿ ಮುಗಿದ ವರ್ಷ ಅವಳು ಸಿರುಗುಪ್ಪದ ಆ ಹೈಸ್ಕೂಲಿಗೆ ಕೆಲಸಕ್ಕೆ ಬಂದಿದ್ದಳು. ಕಾಗದದಲ್ಲಿ ಅವಳು ಸಲಹಾ ಶಿಕ್ಷಕಿ. ಮಕ್ಕಳ ಬಾಯಲ್ಲಿ ‘ಬುದ್ಧಿ ಹೇಳೋ ಟೀಚರ್’. ಭೂಪಟ ಇಡುವ ಕೋಣೆಯ ಒಂದು ಮೂಲೆ ಅವಳದು. ಏಟು ತಿಂದವರು, ಮನೆಯವರು ಓದು ಬಿಡಿಸಿ ಮದುವೆಗೆ ನಿಲ್ಲಿಸಿದ್ದ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು. ಸಂಜೆ ಅವಳು ಬಸ್ಸು ಹತ್ತಿ ಅವರ ಮನೆಗಳಿಗೆ ಹೋಗುತ್ತಿದ್ದಳು. ಗಂಡಸರು ಮೊದಲು ನಗುತ್ತಿದ್ದರು, ಆಮೇಲೆ ಕೂತು ಕೇಳುತ್ತಿದ್ದರು.

ಕಳೆದ ಮಳೆಗಾಲದಲ್ಲಿ ನೀಲಮ್ಮನನ್ನು ಆ ಕೋಣೆಗೆ ಕಳಿಸಿದ್ದರು. ಹುಡುಗಿ ಮಾತು ನಿಲ್ಲಿಸಿದ್ದಳು. ಕಾಲುವೆಯ ಮೇಲೆ ಅವಳ ಅಪ್ಪ ಪಕ್ಕೀರಪ್ಪನೂ ಗುರುಬಸಮ್ಮನ ತಮ್ಮ ಮರಿಬಸಪ್ಪನೂ ಬಡಿಗೆ ಹಿಡಿದು ಬಡಿದಾಡಿದ್ದನ್ನು ಅವಳು ಕಂಡಿದ್ದಳು. ಪಕ್ಕಪಕ್ಕದ ಭತ್ತದ ಗದ್ದೆ, ಎರಡಕ್ಕೂ ಒಂದೇ ತೂಬು. ಗುರುಬಸಮ್ಮ ಇಬ್ಬರನ್ನೂ ಮಠದ ಕಟ್ಟೆಗೆ ಕರೆಸಿ ಎಲೆ ಅಡಿಕೆ ಕೊಡಿಸಿದಳು. ತೂಬಿಗೆ ಬಡಿಗೆ ತರುವುದಿಲ್ಲ, ಕೊಡಲಿ ತರುವುದಿಲ್ಲ ಎಂದು ಮಾತು ತೆಗೆದುಕೊಂಡಳು.

“ಅಕ್ಕಾ, ಎರಡು ಕೈಗೂ ಬಳಿ ಇಡಿಸಿ ಕಳಿಸಿಬಿಡು ಮತ್ತ” ಎಂದು ಮರಿಬಸಪ್ಪ ನಕ್ಕಿದ್ದ. ಆದರೂ ಮಾತು ಉಳಿಸಿಕೊಂಡ. ನೀಲಮ್ಮ ಮತ್ತೆ ಮಾತಾಡತೊಡಗಿದಳು.

ಮೊನ್ನೆ ಕಾಲುವೆಗೆ ನೀರು ಬಿಟ್ಟರು. ಯಾರ ಪಾಳಿ ಮೊದಲು ಎಂಬ ಮಾತಿಗೆ ಪಕ್ಕೀರಪ್ಪ ಸಲಿಕೆ ಎತ್ತಿದ. ಮೊದಲ ಏಟು ಮರಿಬಸಪ್ಪನ ತಲೆಗೆ, ಬಿದ್ದ ಮೇಲೆ ಕುತ್ತಿಗೆಗೆ. ಕೆಂಪು ನೀರು ಮಡಿ ದಾಟಿ ಮಡಿಗೆ ಹರಿಯಿತು. ಟ್ರ್ಯಾಕ್ಟರಿನಲ್ಲಿ ಬಳ್ಳಾರಿಯ ದವಾಖಾನೆಗೆ ಹೊರಟರು. ತಮ್ಮನ ತಲೆ ಗುರುಬಸಮ್ಮನ ತೊಡೆಯ ಮೇಲಿತ್ತು. ದೂರದಲ್ಲಿ ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ಉಸಿರು ನಿಂತಿತು. ಟ್ರ್ಯಾಕ್ಟರ್ ತಿರುಗಿಸಿದರು.

“ಬಡಿಗಿ ಬಿಡ್ರಿ ಅಂದಿ. ಕೊಡ್ಲಿ ಬಿಡ್ರಿ ಅಂದಿ” ದೊಡ್ಡಬಸಪ್ಪ ತಂಗಿಯ ಮುಖಕ್ಕೆ ಬಗ್ಗಿದ. “ಸಲಿಕಿ ಅನ್ಲಿಲ್ಲ. ನಿನ್ನ ತಮ್ಮ ಅದನ್ನೂ ಬದುವಿನ ಮ್ಯಾಲಿಟ್ಟು ಬರಿಗೈಲೆ ಮಾತಾಡಾಕ ಹೋದ.”

ಸಲಿಕೆಯಿಲ್ಲದೆ ಯಾರೂ ತೂಬಿಗೆ ಹೋಗುವುದಿಲ್ಲ. ಅದನ್ನು ಆಯುಧ ಎಂದು ಮಠದ ಕಟ್ಟೆಯ ಮೇಲೆ ಯಾರೂ ಎಣಿಸಿರಲಿಲ್ಲ.

“ಪಕ್ಕೀರ್ಯಾ ಜೇಲಿನ್ಯಾಗ ಅದಾನ. ಅವನ ತಮ್ಮ ಗಾದೆಪ್ಪ ಮನ್ಯಾಗ ಅದಾನ. ಹೊತ್ತು ಮುಣಗೋದ್ರಾಗ ಅವನ ಹೆಣ ಬೀಳ್ತೈತಿ” ಎಂದ ದೊಡ್ಡಬಸಪ್ಪ.

ಹೊಸ್ತಿಲ ಮೇಲೆ ಅಣ್ಣ ತಂಗಿಯ ತಾಯಿ ಕೊಟ್ರಮ್ಮ ಕೂತಿದ್ದಳು. ವೀರಭದ್ರಮ್ಮನತ್ತ ಕೈ ಮಾಡಿ ಕೇಳಿದಳು.

“ಇಕೀನ ಯಾರು ಕರದ್ರು?”

“ನಾನ ಹೇಳಿ ಕಳಿಸೀನಿ ಯವ್ವಾ” ಎಂದಳು ಗುರುಬಸಮ್ಮ.

ಸತ್ತ ಮನೆಯವರು ಯಾರ ಬುತ್ತಿ ಉಂಡರೋ ಅವರ ಮನೆಯ ಮೇಲೆ ಕೈ ಎತ್ತುವಂತಿಲ್ಲ. ಆ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಕೊಟ್ರಮ್ಮ ಮಗಳತ್ತ ತಿರುಗಿದಳು. “ಊರ ಮಂದಿಗೆಲ್ಲಾ ಬುದ್ಧಿ ಹೇಳಿದಿ. ಮೊದ್ಲು ನೀ ಉಣ್ಣು. ನಿನ್ನ ಗಂಟಲದಾಗ ಇಳದ್ರ ನನ್ನ ಗಂಟಲದಾಗೂ ಇಳೀತೈತಿ. ಇಲ್ಲಾಂದ್ರ ದೊಡ್ಡಬಸ್ಯಾ ಹೋಗ್ಲಿ. ನಾ ತಡ್ಯಂಗಿಲ್ಲ.”

ದೊಡ್ಡಬಸಪ್ಪ ತುರುಬು ಬಿಟ್ಟ. ವೀರಭದ್ರಮ್ಮ ಬಿದ್ದಲ್ಲೇ ಕೂತಳು. ನೀಲಮ್ಮ ಗೋಡೆ ಬಿಟ್ಟು ಬಂದು ಒಂದೊಂದೇ ರೊಟ್ಟಿ ಆರಿಸಿ, ಊದಿ, ಪುಟ್ಟಿಗಿಟ್ಟಳು. ಒಂದನ್ನು ಮಾತ್ರ ಹಿಡಿದು ತಂದಳು.

“ಟೀಚರ್, ಇದಕ್ಕ ಮಣ್ಣು ಹತ್ತಿಲ್ರಿ.”

ಗುರುಬಸಮ್ಮನ ಬಲಗೈ ಬಾತಿತ್ತು, ಎರಡು ಬೆರಳು ಬೇರೆ ಕಡೆಗೆ ತಿರುಗಿದ್ದವು. ಎಡಗೈಯಲ್ಲಿ ತೆಗೆದುಕೊಂಡಳು. ರೊಟ್ಟಿಯ ಮೇಲೆ ವೀರಭದ್ರಮ್ಮ ತಟ್ಟಿದ ಬೆರಳಿನ ಗುರುತುಗಳಿದ್ದವು. ಇದೇ ಬೆರಳು ಮೊನ್ನೆ ಬೆಳಿಗ್ಗೆಯೂ ರೊಟ್ಟಿ ತಟ್ಟಿರಬೇಕು. ಪಕ್ಕೀರಪ್ಪ ಅದನ್ನು ಉಂಡು, ಸಲಿಕೆ ಹೆಗಲಿಗಿಟ್ಟು ಹೋಗಿರಬೇಕು.

ಒಂದು ಚೂರು ಬಾಯಿಗಿಟ್ಟಳು. ದವಡೆ ಆಡಲಿಲ್ಲ. ಎದುರಿಗೆ ಕೂತ ವೀರಭದ್ರಮ್ಮನ ಮುಖಕ್ಕೆ ಉಗುಳಬೇಕೆನಿಸಿತು. ಇದು ಅವಳಿಗೆ ಗುರುತಿದ್ದ ಸಿಟ್ಟು. ಭೂಪಟದ ಕೋಣೆಯಲ್ಲಿ ಎಷ್ಟೋ ಮಕ್ಕಳಿಗೆ ಬಿಡಿಸಿ ಹೇಳಿದ್ದಳು. ನೀಲಮ್ಮನತ್ತ ನೋಡಲಾಗಲಿಲ್ಲ. ರೊಟ್ಟಿ ನಾಲಗೆಯ ಮೇಲೆ ನೆನೆದು ಮೆತ್ತಗಾಯಿತು.

“ನುಂಗು” ಎಂದಳು ಕೊಟ್ರಮ್ಮ.

ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು. ಅವಳು ನುಂಗಿದಳು.

“ಥೂ, ನಿನ್ನ ಓದಿಗಿಷ್ಟು” ಎಂದು ದೊಡ್ಡಬಸಪ್ಪ ಉಗುಳಿದ. ಕೊಡಲಿ ಹಿಡಿದುಕೊಂಡೇ ಒಳಗೆ ಹೋಗಿ ಹಿತ್ತಲಿಗೆ ದಾಟಿದ. ಹಿತ್ತಲಿನಿಂದ ಬೀದಿಗೂ ದಾರಿಯಿತ್ತು.

ಕೊಟ್ರಮ್ಮ ಪುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. ಒಂದು ಚೂರು ಮುರಿದು ಬಾಯಿಗಿಟ್ಟು ಅಗಿದಳು. ಆಮೇಲೆ ಇನ್ನೊಂದು ರೊಟ್ಟಿ ತೆಗೆದು, ಮಣ್ಣನ್ನು ಸೆರಗಿಗೆ ಒರೆಸಿ, ಹಿತ್ತಲ ಬಾಗಿಲ ಕಡೆ ಮುಖ ಮಾಡಿ ಹಿಡಿದುಕೊಂಡು ಕೂತಳು. ಹಿತ್ತಲಿನಿಂದ ಕೊಡದ ನೀರು ಸುರಿದು ಕೈ ತೊಳೆಯುವ ಸಪ್ಪಳ ಕೇಳಿಸಿತು.