ಬಿಗಿ ಮಾಡಬೇಡಿ, ಮಾವ

ಅವಳು ಕಣ್ಣು ಕಾಣದವರ ಗ್ರಂಥಾಲಯವೊಂದಕ್ಕೆ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದಳು. ಮನೆಯ ಹಿಂಬದಿಯ ಕೋಣೆಯೇ ಸ್ಟುಡಿಯೋ. ಗೋಡೆಗೆ ಹಳೆಯ ರಜಾಯಿಗಳು, ಮೇಜಿನ ಮೇಲೆ ಮೈಕು, ಪಕ್ಕದಲ್ಲಿ ಗಂಡ ಆಟವಾಡಲೆಂದು ಕಟ್ಟಿಸಿದ್ದ ಭಾರೀ ಕಂಪ್ಯೂಟರು; ಧ್ವನಿಮುದ್ರಣವೆಲ್ಲ ಅದರಲ್ಲೇ. ಗಂಡ ಹಡಗಿನ ಎಂಜಿನ್ ನೋಡಿಕೊಳ್ಳುವವನು. ಮನೆಗೆ ಬರುವುದು ಅಪರೂಪ. ಆದರೂ ಆ ಕಂಪ್ಯೂಟರನ್ನು ಮಾರುವ ಮಾತೆತ್ತಿದರೆ ಮಗುವನ್ನೇ ಮಾರಿದಂತೆ ಮುಖ ಮಾಡುತ್ತಿದ್ದ.

ಸೆಕೆ ಶುರುವಾಯಿತೆಂದರೆ ಅದರ ಫ್ಯಾನುಗಳು ಬೊಬ್ಬೆ ಹೊಡೆಯುತ್ತಿದ್ದವು. ಒಂದು ದಿನ ಕೇಳುಗರೊಬ್ಬರು ಫೋನ್ ಮಾಡಿ, ಬಹಳ ವಿನಯದಿಂದ, "ಓದು ಚೆನ್ನಾಗಿದೆಯಮ್ಮ. ಆದ್ರೆ ಈ ಕಥೆ ನಡೆಯೋದೆಲ್ಲ ಹಿಟ್ಟಿನ ಗಿರಣಿ ಪಕ್ಕದಲ್ಲೇನಾ?" ಎಂದು ಕೇಳಿದರು. ಅವಳಿಗೆ ನಾಚಿಕೆಯಾಯಿತು. ಆವತ್ತೇ ತೀರ್ಮಾನಿಸಿದಳು: ಫ್ಯಾನಿನ ಗಲಾಟೆ ಸಾಕು, ಇದನ್ನು ನೀರಿನಿಂದ ತಣ್ಣಗಿಡಬೇಕು.

ಸಾಮಾನೆಲ್ಲ ತರಿಸಿಕೊಂಡು, ವಿಡಿಯೋ ನೋಡಿ ನೋಡಿ, ತಾನೇ ಜೋಡಿಸಿದಳು. ಸಣ್ಣ ಪಂಪು, ನೀರಿನ ಡಬ್ಬಿ, ರೇಡಿಯೇಟರು, ಬಿಸಿಯಾಗುವ ಭಾಗಗಳ ಮೇಲೆ ಕೂರುವ, ಒಳಗೆ ನೀರು ಹರಿಯುವ ಪಾರದರ್ಶಕ ಬಿಲ್ಲೆಗಳು, ಎಲ್ಲವನ್ನೂ ಜೋಡಿಸುವ ಕೊಳವೆ. ಉಳಿದದ್ದು ಸೋರಿಕೆಯ ಪರೀಕ್ಷೆ. ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪನ್ನು ಮಾತ್ರ ಓಡಿಸಬೇಕು. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟು, ಒಂದು ಹಗಲಾದರೂ ಕಾಯಬೇಕು. ಕಾಗದ ಒಣಗಿಯೇ ಇದ್ದರೆ ಗೆದ್ದಂತೆ. ಕರೆಂಟು ಹರಿಯುವಾಗ ಒಂದು ಹನಿ ಬಿದ್ದರೂ ಎಲ್ಲ ಸುಟ್ಟು ಹೋಗುತ್ತದೆ.

ಅವಳು ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಡಬ್ಬಿಗೆ ಸುರಿಯುವ ಹೊತ್ತಿಗೆ ಮಾವ ಕುರ್ಚಿ ಎಳೆದುಕೊಂಡು ಬಂದರು. ನೀರು ಸರಬರಾಜು ಇಲಾಖೆಯಲ್ಲಿ ಜೀವಮಾನವಿಡೀ ಪೈಪು ಹಾಕಿಸಿ ನಿವೃತ್ತರಾದವರು. ಪಂಪ್‌ಹೌಸಿನ ಸದ್ದಿಗೆ ಕಿವಿ ಮಂದವಾಗಿತ್ತು; ಯಂತ್ರ ಹಾಕಿಕೊಳ್ಳಿ ಎಂದರೆ ಕೇಳುವವರಲ್ಲ.

"ಇದೇನಮ್ಮ, ಗೊಂಬೆ ಮನೆಗೆ ನಲ್ಲಿ ಕನೆಕ್ಷನ್ನಾ?"

"ಕಂಪ್ಯೂಟರ್ ತಣ್ಣಗಾಗೋಕೆ ಮಾವ."

"ಹಣ್ಣಾಗೋಕಾ?"

ಅವಳು ಪಂಪು ಚಾಲೂ ಮಾಡಿದಳು. ನೀರು ಗುಳ್ಳೆಯೆಬ್ಬಿಸುತ್ತ ಸುತ್ತು ಹೊಡೆಯಿತು. ಸ್ವಲ್ಪ ಹೊತ್ತಿಗೆಲ್ಲ ಪರದೆಗೆ ಚಿತ್ರ ಮೂಡಿಸುವ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಟಿಶ್ಯೂ ಮೇಲೆ ಬೆರಳಿನಗಲದ ಒದ್ದೆ.

"ಜಾಯಿಂಟು ಸಡಿಲ," ಎಂದರು ಮಾವ. "ಒಂದು ಸುತ್ತು ಬಿಗಿ ಮಾಡು."

ನೀರೆಲ್ಲ ಬಸಿದು ಬಿಚ್ಚಿ ನೋಡಿದರೆ, ಒಳಗಿನ ರಬ್ಬರ್ ಉಂಗುರ ತನ್ನ ಜಾಗ ಬಿಟ್ಟು ಅರ್ಧ ಹೊರಗೆ ಬಂದಿತ್ತು. ಹೊಸದನ್ನು ಕೂರಿಸಿ, ಮತ್ತೆ ನೀರು ತುಂಬಿ, ಮತ್ತೆ ಪಂಪು ಹಾಕಿದಳು. ಈ ಸಲ ಇನ್ನೊಂದು ಕಡೆ ಒದ್ದೆ. ಅದನ್ನೂ ಬಸಿದು ಬಿಚ್ಚಿದಳು. ಅಲ್ಲಿ ಉಂಗುರ ನೆಟ್ಟಗೇ ಇತ್ತು. ಬೆನ್ನು ಬಗ್ಗಿಸಿ, ಟಾರ್ಚು ಹಿಡಿದು, ಕಣ್ಣು ಕಿರಿದು ಮಾಡಿ ಹುಡುಕಿದ ಮೇಲೆ ತಿಳಿಯಿತು: ನೀರು ತುಂಬುವಾಗ ತಾನೇ ಚೆಲ್ಲಿದ ಹನಿ ಕೊಳವೆಯ ಹೊರಮೈ ಹಿಡಿದು ಇಳಿದು ಬಂದಿತ್ತು. ಸೋರಿದ್ದೇ ಇಲ್ಲ. ಬಿಚ್ಚಿದ್ದೆಲ್ಲ ದಂಡ.

"ನಾನು ಹೇಳ್ಲಿಲ್ವಾ, ಬಿಗಿ ಸಾಲ್ದು," ಎಂದರು ಮಾವ. ಅವರ ಕೈಯಲ್ಲಿ ಆಗಲೇ ಸ್ಪ್ಯಾನರ್ ಇತ್ತು. ಅದು ಎಲ್ಲಿಂದ ಬಂತೋ!

"ಮಾವ, ಇದಕ್ಕೆ ಸ್ಪ್ಯಾನರ್ ಮುಟ್ಟಿಸ್ಬಾರ್ದು. ಕೈಯಲ್ಲಿ ತಿರುಗ್ಸಿ ಬಿಡ್ಬೇಕು ಅಷ್ಟೆ. ನೀರು ತಡೆಯೋದು ರಬ್ಬರು. ಬಿಗಿ ಮಾಡಿದ್ರೆ ಪ್ಲಾಸ್ಟಿಕ್ಕು ಒಡೆಯತ್ತೆ."

"ಏನು? ಬಿಗಿ ಮಾಡ್ಲಾ?"

"ಬೇಡಾ!"

ಪಕ್ಕದ ಮನೆಯ ನಾಯಿ ಬೊಗಳಿತು.

ಮೂರನೆಯ ಸಲ ತುಂಬುವಾಗ ಉಸಿರು ಬಿಗಿಹಿಡಿದು ಒಂದು ಹನಿಯೂ ಚೆಲ್ಲದಂತೆ ತುಂಬಿದಳು. ಮಾರನೆಯ ದಿನ ಮಧ್ಯಾಹ್ನದವರೆಗೂ ಟಿಶ್ಯೂಗಳೆಲ್ಲ ಗರಿಗರಿ. ಬದುಕಿದೆ ಎಂದುಕೊಂಡು, ಮನೆಗೆ ಬೇಕಾದ ಸಾಮಾನು ತರಲು ಅಂಗಡಿಗೆ ಹೋದಳು. ಬರುವಾಗ ಅವಳ ಮನಸ್ಸು ಹಗುರಾಗಿತ್ತು. ಬಾಗಿಲು ತೆರೆದರೆ ಮಾವ ಸ್ಪ್ಯಾನರ್ ಒರೆಸುತ್ತ ನಿಂತಿದ್ದರು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ತೃಪ್ತಿ.

"ಎಲ್ಲಾ ಒಂದೊಂದು ಸುತ್ತು ಕೊಟ್ಟಿದೀನಿ. ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಸೋರಲ್ಲ."

ಕೋಣೆಯೊಳಗಿನಿಂದ ಟಪ್ ಎಂದಿತು. ಮತ್ತೆ ಟಪ್.

ಅವಳು ಚೀಲ ಅಲ್ಲೇ ಬಿಟ್ಟು ಓಡಿದಳು. ಕಾರ್ಡಿನ ಮೇಲಿನ ಪಾರದರ್ಶಕ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಬಾಯಲ್ಲಿ ಹನಿ ತುಂಬಿ, ಕಾರ್ಡಿನ ಬೆನ್ನ ಮೇಲೆ ಹರಿದು, ಕೆಳಗೆ ಬೀಳುತ್ತಿತ್ತು. ಟಿಶ್ಯೂ ಮುದ್ದೆಯಾಗಿತ್ತು. ಅವಳು ಪಂಪಿನ ಪ್ಲಗ್ಗು ಕಿತ್ತಳು. ಪಿತ್ತ ನೆತ್ತಿಗೇರಿತು.

"ಎಷ್ಟು ಸಲ ಹೇಳ್ದೆ ನಿಮ್ಗೆ? ಮುಟ್ಬೇಡಿ ಅಂದ್ರೆ ಮುಟ್ಟೋದೇ! ಒಂದು ಕೆಲಸ ನೆಮ್ಮದಿಯಾಗಿ ಮಾಡೋಕೆ ಬಿಡಲ್ವಲ್ಲ ಈ ಮನೇಲಿ!"

ಮಾವ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಬಾಗಿದರು. "ಏನಮ್ಮ?"

ಸಿಟ್ಟಿನಲ್ಲಿ ಆಡಿದ ಮಾತನ್ನು ಎರಡನೇ ಸಲ, ಇನ್ನೂ ಜೋರಾಗಿ, ಬಿಡಿಸಿ ಬಿಡಿಸಿ ಹೇಳುವುದು ಎಂಥ ಶಿಕ್ಷೆ ಎಂದು ಅವಳಿಗೆ ಆಗ ಗೊತ್ತಾಯಿತು. ಅರ್ಧಕ್ಕೇ ದನಿ ಒಡೆಯಿತು. "ಒಡೆದು ಹೋಯ್ತು ಮಾವ," ಎಂದಷ್ಟೇ ಹೇಳಿ ನೆಲದ ಮೇಲೆ ಕುಸಿದು ಕೂತಳು. ಅವರು ಬಿರುಕನ್ನು ನೋಡಿದರು, ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದರು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಗಂಡನ ಫೋನು ಬಂತು. ನಡೆದದ್ದನ್ನೆಲ್ಲ ಹೇಳಿದಳು.

"ಅಪ್ಪಂಗೆ ಏನೂ ಅನ್ಬೇಡ ಕಣೇ. ಪಾಪ, ವಯಸ್ಸಾಗಿದೆ."

"ನಾನು ಪಾಪ ಅಲ್ವಾ?"

"ನೀನೂ ಪಾಪಾನೇ." ದನಿ ಸಣ್ಣದು ಮಾಡಿ ಕೇಳಿದ: "ಕಾರ್ಡು... ಹೋಯ್ತಾ?"

ಅವಳು ಫೋನು ಇಟ್ಟುಬಿಟ್ಟಳು.

ಕಾರ್ಡನ್ನು ಕಳಚಿ ಒರೆಸಿ, ಕಿಟಕಿಯ ಬಳಿ ಗಾಳಿಗೆ ಒಣಗಲಿಟ್ಟಳು. ಕರೆಂಟು ಇಲ್ಲದಿದ್ದಾಗ ಬಿದ್ದ ನೀರು, ಉಳಿದರೂ ಉಳಿದೀತು. ಹೊಸ ಬಿಲ್ಲೆ ಬರುವವರೆಗೆ ಓದುವ ಕೆಲಸ ನಿಂತಿತು. ಮನೆಯಲ್ಲಿ ಮಾತೂ ನಿಂತಿತು. ಮಾವ ತಟ್ಟೆ ತಾವೇ ತೊಳೆದಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಓಡಾಡತೊಡಗಿದರು. ಸ್ಪ್ಯಾನರ್ ತಿರುಗಿಸಿದ್ದಕ್ಕಿಂತ ಇದೇ ಅವಳ ಜೀವ ಹಿಂಡಿತು. ಕೊನೆಗೆ ಒಂದು ಬೆಳಿಗ್ಗೆ ರೋಸಿ ಹೋಗಿ, ಕಾಫಿ ಲೋಟವನ್ನು ಅವರ ಮುಂದೆ ಕುಕ್ಕಿ, "ಏನಾದ್ರೂ ಮಾತಾಡಿ ಮಾವ," ಎಂದಳು.

ಅವರು ಲೋಟವನ್ನೇ ನೋಡುತ್ತ ಹೇಳಿದರು. "ನೀನು ಬಾಗಿಲು ಹಾಕ್ಕೊಂಡು ಓದ್ತೀಯ. ಏನು ಓದ್ತೀಯ ಅಂತ ನಂಗೆ ಕೇಳ್ಸಲ್ಲ. ಮಗ ಫೋನಲ್ಲಿ ಏನಂತಾನೆ ಅನ್ನೋದೂ ಅರ್ಧ ಕೇಳ್ಸಲ್ಲ. ಪೈಪು ಅಂದ್ರೆ ಮಾತ್ರ ನಂಗೆ ಗೊತ್ತು ನೋಡು. ಮನೆಗೆ ಪೈಪು ಬಂತಲ್ಲ ಅಂತ ಖುಷಿಯಾಯ್ತು. ಕೈ ಸುಮ್ನಿರ್ಲಿಲ್ಲ. ತಪ್ಪಾಯ್ತಮ್ಮ."

ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೆ ಅದನ್ನು ಇಡಲು ಜಾಗವೂ ಇರಲಿಲ್ಲ.

ಹೊಸ ಬಿಲ್ಲೆ ಬಂದ ದಿನ ಅವಳೇ ಕರೆದಳು. "ಬನ್ನಿ, ಕಾವಲು ಕೂತ್ಕೊಳ್ಳಿ. ಕೈ ಮಾತ್ರ ಹಿಂದೆ." ಮಾವ ನಿಜವಾಗಿಯೂ ಕೈ ಹಿಂದೆ ಕಟ್ಟಿಕೊಂಡು ಕೂತರು. ಅದಾದರೂ ನೆಮ್ಮದಿ ಕೊಟ್ಟಿತೇ? ಅವಳು ಅಡುಗೆಮನೆಗೆ ಹೋದರೆ "ಹನಿ! ಹನಿ!" ಎಂದು ಕೂಗು. ಓಡಿ ಬಂದರೆ ಕೊಳವೆಯೊಳಗಿನ ಗುಳ್ಳೆ. ಸ್ನಾನಕ್ಕೆ ಹೋದರೆ "ಬಾರಮ್ಮ, ಬಂತು!" ಒದ್ದೆ ಕೂದಲಲ್ಲಿ ಓಡಿ ಬಂದು ಬಗ್ಗಿದರೆ ಕಾಗದದ ಮೇಲೆ ನೀರು ಬಿತ್ತು, ಅವಳ ಕೂದಲಿಂದಲೇ. ಆ ಟಿಶ್ಯೂ ಬದಲಿಸುವಾಗ ಅವಳಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಸ್ವಲ್ಪ ಸ್ವಲ್ಪ ಬಂತು.

ಮಾರನೆಯ ದಿನಕ್ಕೂ ಕಾಗದಗಳು ಒಣಗಿದ್ದವು. ಅವಳು ದೇವರೇ ಎಂದು ಕಂಪ್ಯೂಟರಿಗೆ ಕರೆಂಟು ಕೊಟ್ಟಳು. ಪರದೆ ಬೆಳಗಿತು. ಕಾರ್ಡು ಉಳಿದಿತ್ತು. ಒಂದು ಪುಟ ಓದಿ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿದಳು. ತನ್ನ ದನಿಯ ಹಿಂದೆ ಏನೂ ಇರಲಿಲ್ಲ. ಅಷ್ಟು ದಿನದ ದಣಿವು ಒಮ್ಮೆಗೇ ಭುಜದಿಂದ ಇಳಿಯಿತು.

"ಓಡ್ತಾ ಇದ್ಯಾ?" ಮಾವ ಬಾಗಿಲಲ್ಲಿ ನಿಂತಿದ್ದರು.

ಅವಳು ಅವರ ಕೈ ಹಿಡಿದು ತಂದು, ಕೊಳವೆಯ ಮೇಲೆ ಎರಡು ಬೆರಳು ಇರಿಸಿದಳು. ಪಂಪಿನ ನವಿರಾದ ಕಂಪನ ಬೆರಳಿಗೆ ತಾಗಿತು. ಅವರು ಕಣ್ಣು ಮುಚ್ಚಿ ನಾಡಿ ನೋಡುವವರಂತೆ ನಿಂತರು.

"ಚೆನ್ನಾಗಿ ಓಡ್ತಿದೆ," ಎಂದರು. "ನೀರು ಯಾವಾಗ ಬದಲಾಯಿಸ್ಬೇಕು?"

"ಇನ್ನೂ ಬಹಳ ತಿಂಗಳಿದೆ ಮಾವ."

"ಆಗ ನಾನಿರ್ತೀನಿ, ಯೋಚ್ನೆ ಮಾಡ್ಬೇಡ."

"ಅದೇ ಯೋಚ್ನೆ," ಎಂದು ಅವಳು ಮೆಲ್ಲಗೆ ಹೇಳಿ, ಮೈಕು ಹತ್ತಿರ ಎಳೆದುಕೊಂಡು, ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಒಳಗಿನಿಂದ ಬಾಗಿಲು ಹಾಕಿದಳು.