ನೀಲಿ ಟೇಪಿನ ದೋಣಿ

ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ಸಮುದ್ರದಿಂದ ಶುರುಮಾಡಿದರೆ ನನಗೆ ಸಮುದ್ರದ ಗಂಧಗಾಳಿ ಇಲ್ಲವೆಂಬುದು ಎರಡನೇ ಸಾಲಿಗೇ ನಿಮಗೆ ಗೊತ್ತಾಗಿಬಿಡುತ್ತದೆ. ಮೀನಿನಿಂದ ಶುರುಮಾಡೋಣವೆಂದರೆ ಕಥೆಗೆ ಇನ್ನೂ ಮೀನೇ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಆದ್ದರಿಂದ ಒಂದು ನಡುಮನೆಯಿಂದ ಶುರುಮಾಡುತ್ತೇನೆ. ನಡುಮನೆಗಳಲ್ಲಿ ನಾನು ಬೇಕಾದಷ್ಟು ಕೂತಿದ್ದೇನೆ.

(ಇದಕ್ಕೂ ಮೊದಲು ಒಂದು ಆರಂಭ ಬರೆದಿದ್ದೆ. ‘ಉಷ್ಣವಲಯದ ಅನಂತ ನೀಲಿಮೆಯಲ್ಲಿ ಬೆಳ್ಳನೆಯ ದೋಣಿಯೊಂದು’ ಅಂತ. ಓದಿಕೊಂಡರೆ ನನಗೇ ಮೈ ಪರಚಿಕೊಳ್ಳುವ ಹಾಗಾಯಿತು. ಹರಿದು ಹಾಕಿದೆ.)

೧

ಒಬ್ಬರು ಹಲ್ಲಿನ ಡಾಕ್ಟರು. ಅವರ ಹೆಂಡತಿಗೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವ ಕೆಲಸ. ಅವರನ್ನು ಅನೌನ್ಸರಮ್ಮ ಅನ್ನೋಣ, ಊರೆಲ್ಲ ಹಾಗೇ ಅನ್ನುತ್ತದೆ.

ಡಾಕ್ಟರು ದಿನವಿಡೀ ಮಾತಾಡುತ್ತಾರೆ. ಎದುರಿಗಿರುವವರು ಬಾಯಿ ಅಗಲಿಸಿಕೊಂಡು ಮಲಗಿರುತ್ತಾರೆ. ಬಾಯೊಳಗೆ ಹತ್ತಿ, ಕನ್ನಡಿ, ಎಂಜಲು ಹೀರುವ ಕೊಳವೆ. ‘ಆಂ’ ಎನ್ನುವುದು ಬಿಟ್ಟರೆ ಪಾಪ, ಅವರು ಏನು ತಾನೇ ಹೇಳಿಯಾರು? ಅನೌನ್ಸರಮ್ಮನವರೂ ಗಾಜಿನ ಗೂಡಿನಲ್ಲಿ ಕೂತು ದಿನವಿಡೀ ಮಾತಾಡುತ್ತಾರೆ. ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಕೇಳಿಸಿಕೊಂಡವರು ಬ್ಯಾಗು ಎತ್ತಿಕೊಂಡು ಓಡುತ್ತಾರೆಯೇ ಹೊರತು, ಯಾರೂ ತಿರುಗಿ ‘ಹೌದಾ?’ ಅಂದಿಲ್ಲ. ಹೀಗೆ ಉತ್ತರ ಕೊಡದವರ ಜೊತೆ ಮಾತಾಡಿ ರೂಢಿಯಾದ ಇಬ್ಬರು ಸಂಜೆ ಒಂದೇ ಸೋಫಾದಲ್ಲಿ ಕೂತಾಗ ಟೀವಿ ಹಾಕುತ್ತಿದ್ದರು. ಜಗಳವಿಲ್ಲ, ಮುನಿಸಿಲ್ಲ. ಮಾತು ಮಾತ್ರ ಯಾವತ್ತೋ ಖಾಲಿಯಾಗಿತ್ತು, ಇಬ್ಬರೂ ಅದನ್ನು ಗಮನಿಸದ ಹಾಗೆ ಇದ್ದರು.

(ಇವರಿಗೆ ಮಕ್ಕಳು? ಕೊಡಬಹುದಿತ್ತು. ಕೊಟ್ಟರೆ ಆ ಮಕ್ಕಳ ಬಗ್ಗೆಯೇ ಮಾತಾಡಿಕೊಂಡು ಹಾಯಾಗಿ ಇದ್ದುಬಿಡುತ್ತಾರೆ, ನನ್ನ ಕಥೆ ಕೈಕೊಡುತ್ತದೆ. ಕಥೆ ಬರೆಯುವವರಿಗೆ ಸ್ವಲ್ಪ ಕಲ್ಲು ಮನಸ್ಸು ಬೇಕು. ಬದಲಿಗೆ ಡಾಕ್ಟರ ತಾಯಿಯನ್ನು ಕೊಟ್ಟಿದ್ದೇನೆ. ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಹಾಗೆ ಕರೆದರೆ ಅವರಿಗೊಂದು ತೂಕ.)

ಒಂದು ಸಂಜೆ ಟೀವಿಯಲ್ಲಿ ಯಾರೋ ದೋಣಿಯ ಮೇಲೆ ನಿಂತು ತನಗಿಂತ ಉದ್ದದ ಮೀನೆಳೆಯುತ್ತಿದ್ದ. ಡಾಕ್ಟರು ಇದ್ದಕ್ಕಿದ್ದ ಹಾಗೆ, “ನಾವೂ ಹೋಗೋಣ್ವೇನೇ?” ಎಂದರು.

“ಎಲ್ಲಿಗೆ?”

“ಮೀನು ಹಿಡಿಯೋಕೆ. ಇಡೀ ದೋಣೀನೇ ಬಾಡಿಗೆಗೆ ಸಿಗತ್ತಂತೆ. ದೋಣಿ, ಕ್ಯಾಪ್ಟನ್ನು, ನಾವಿಬ್ರು. ಸುತ್ತ ಸಮುದ್ರ. ಫೋನೂ ಬರಲ್ಲ, ಟೀವಿನೂ ಇರಲ್ಲ.”

ಅನೌನ್ಸರಮ್ಮ ಸ್ವಲ್ಪ ಯೋಚಿಸಿ, “ಬಿಸಿಲಿಗೆ ಟೋಪಿ ಬೇಕಾಗತ್ತೆ ಕಣ್ರೀ,” ಎಂದರು. ಸಿದ್ಧತೆ ಶುರುವಾಯಿತು.

೨

ಅದೇನು ಅಂತಿಂಥ ಸಿದ್ಧತೆಯೇ! ಮೊದಲು ಟೋಪಿ. ಅಂಚು ಅಗಲ ಇರಬೇಕೋ, ಕತ್ತಿನ ಹಿಂದೆ ಬಟ್ಟೆ ಇಳಿಬಿದ್ದಿರಬೇಕೋ ಎಂದು ತಟ್ಟೆಯ ಊಟ ಆರುವವರೆಗೆ ವಾದ. ಗಾಳಿಗೆ ಹಾರಿಹೋದರೆ? ಗದ್ದಕ್ಕೆ ದಾರ. ದಾರ ಕೆರೆದರೆ? ಹತ್ತಿಯ ದಾರ. ಟೋಪಿಯಿಂದ ಬಿಸಿಲಿನ ಕ್ರೀಮಿಗೆ, ಕ್ರೀಮಿನಿಂದ ವಾಂತಿಯ ಮಾತ್ರೆಗೆ, ಮಾತ್ರೆಯಿಂದ ಅದನ್ನಿಡುವ ಡಬ್ಬಿಗೆ ಮಾತು ಹರಿಯುತ್ತಲೇ ಹೋಯಿತು. ಅತ್ತೆಗೆ ಕಕ್ಕಾಬಿಕ್ಕಿ. “ಇವಕ್ಕೇನಾಯ್ತು, ಗಿಳಿಗಳ ಹಾಗೆ ವಟಗುಟ್ತಾವಲ್ಲ,” ಎಂದು ಟೀವಿಯ ಸದ್ದು ತಗ್ಗಿಸಿ ಕೇಳಿಸಿಕೊಳ್ಳತೊಡಗಿದರು.

ಡಾಕ್ಟರು ಮೈತುಂಬಾ ಜೇಬಿರುವ ಅಂಗಿ ಕೊಂಡರು. ಯಾವ ಜೇಬಿಗೆ ಏನು ಎನ್ನುವುದು ವಾರಗಟ್ಟಲೆ ಇತ್ಯರ್ಥವಾಗಲಿಲ್ಲ. ಕ್ಲಿನಿಕ್ಕಿನಲ್ಲಿ ದವಡೆ ಮರಗಟ್ಟಲೆಂದು ಕಾಯುವ ಹೊತ್ತಿನಲ್ಲಿ, ಹಲ್ಲುಸಂದಿ ತಿಕ್ಕುವ ದಾರದಿಂದ ಗಾಳದ ಗಂಟು ಹಾಕುವುದನ್ನು ಕಲಿತರು. ಒಮ್ಮೆ ಮಾತಿನ ಭರದಲ್ಲಿ ರೋಗಿಯ ವಾಚಿನ ಪಟ್ಟಿಯನ್ನೂ ಸೇರಿಸಿ ಕುರ್ಚಿಗೆ ಗಂಟು ಬಿಗಿದು, ಕೊನೆಗೆ ಕತ್ತರಿ ಆಡಿಸಬೇಕಾಯಿತು. ರೋಗಿ ‘ಆಂ’ ಎಂದರು.

ತಾರಸಿಯಿಂದ ಗಾಳ ಎಸೆಯುವ ಅಭ್ಯಾಸವೂ ನಡೆಯಿತು. ಮೊದಲ ಎಸೆತಕ್ಕೇ ಪಕ್ಕದ ಮನೆಯ ಬನಿಯನ್ನು ಸಿಕ್ಕಿತು. ಡಾಕ್ಟರು ಹುರುಪಿನಿಂದ ರೀಲು ಸುತ್ತತೊಡಗಿದಾಗ ಕೆಳಗಿನಿಂದ, “ಡಾಕ್ಟ್ರೇ, ನಿಧಾನ! ಬನಿಯನ್ ಒಳಗೆ ನಾನೂ ಇದೀನಿ!” ಎಂದು ಕೂಗು ಬಂತು. ಅನೌನ್ಸರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ರೀಲು ಬಿಟ್ಟು ಹೆಂಡತಿಯ ನಗುವನ್ನೇ ನೋಡುತ್ತಾ ನಿಂತರು. ಪಕ್ಕದ ಮನೆಯವರು ಅಷ್ಟು ಹೊತ್ತೂ ತೋಳೆತ್ತಿಕೊಂಡೇ ಇರಬೇಕಾಯಿತು.

೩

(ಇಲ್ಲಿ ಗಾಳದ ಕೊಕ್ಕೆಗಳ ಬಗ್ಗೆ ಒಂದು ಪುಟ ಇತ್ತು. ಎಲ್ಲೆಲ್ಲೋ ಓದಿ ಗುಡ್ಡೆ ಹಾಕಿದ್ದೆ. “ನೀವೂ ನಮ್ಮ ಹಾಗೆ ಬರೀ ತಯಾರಿ ಮಾಡ್ತಾ ಕೂತಿದೀರ,” ಎಂದು ಅನೌನ್ಸರಮ್ಮ ಚುಚ್ಚಿದರು. ಸಿಟ್ಟು ಬಂದು ಪುಟವನ್ನೇ ಕಿತ್ತೆ. ಪಾತ್ರಗಳಿಗೆ ಸಲಿಗೆ ಕೊಟ್ಟರೆ ತಲೆಯ ಮೇಲೇ ಕೂರುತ್ತವೆ.)

೪

ಈಗ ದೋಣಿ. ಬಾಡಿಗೆ ಗೊತ್ತುಮಾಡುವಾಗ ಕ್ಯಾಪ್ಟನ್ನು ಫೋನಿನಲ್ಲಿ ದೋಣಿ ಮೂವತ್ತಡಿ ಉದ್ದ, ಹತ್ತಡಿ ಅಗಲ ಎಂದಿದ್ದ. ಮೂವತ್ತಡಿ ಅಂದರೆ ಎಷ್ಟು, ಅದರಲ್ಲಿ ದಿನಗಟ್ಟಲೆ ಇರುವುದು ಹೇಗೆ, ಮೊದಲೇ ಅಭ್ಯಾಸವಾಗಬೇಡವೇ? ಡಾಕ್ಟರು ನೀಲಿ ಟೇಪು ತಂದು ನಡುಮನೆಯ ನೆಲಕ್ಕೆ ದೋಣಿಯ ಆಕಾರದಲ್ಲಿ ಅಂಟಿಸಿದರು. ನಡುಮನೆ ಸಾಲದೆ ದೋಣಿಯ ಮೂತಿ ಅಡುಗೆಮನೆಗೆ ನುಗ್ಗಿ ಒಲೆಯ ತನಕ ಹೋಯಿತು. ಸೋಫಾ ದೋಣಿಯೊಳಗೆ ಬಂತು. ಟೀವಿಯೂ ಅತ್ತೆಯ ಕುರ್ಚಿಯೂ ಹೊರಗುಳಿದವು.

“ಅಮ್ಮ, ನೀನೀಗ ಸಮುದ್ರದಲ್ಲಿದೀಯ,” ಎಂದರು ಡಾಕ್ಟರು.

“ಇರ್ಲಿ ಬಿಡೋ. ಇಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬರತ್ತೆ.”

ರಜೆಯ ದಿನ ಪೂರ್ತಿ ರಿಹರ್ಸಲ್. ಟೇಪು ದಾಟಿದರೆ ಮುಳುಗಿದ ಹಾಗೆ. ಅಂಗಿ, ಟೋಪಿ, ಲೈಫ್ ಜಾಕೆಟ್ಟು ತೊಟ್ಟು, ಮೂಗಿನ ತುದಿಗೆ ಕ್ರೀಮು ಬಳಿದುಕೊಂಡು ಗಂಡಹೆಂಡಿರು ತಿಂಡಿ ಮುಗಿಸಿದವರೇ ದೋಣಿ ಹತ್ತಿದರು.

“ಕಾಫಿ ಕೊಡಮ್ಮ ಒಂದು ಲೋಟ,” ಎಂದರು ಅತ್ತೆ, ಸಮುದ್ರದಿಂದ.

“ಬರೋ ಹಾಗಿಲ್ಲ ಅತ್ತೆ, ದೋಣಿಲಿದೀನಿ. ಒಲೆ ಹತ್ರ ಮಾಡಿ ಇಡ್ತೀನಿ, ನೀವೇ ಬಂದು ತಗೊಳ್ಳಿ.”

“ಈಜಿಕೊಂಡು ಬರ್ಲಾ? ಒಳ್ಳೇ ಕಥೆಯಾಯ್ತು ನಿಮ್ಮದು.”

ಇಲ್ಲಿಯವರೆಗೆ ನನಗೂ ಮಜವಾಗಿಯೇ ಇತ್ತು. ಆಮೇಲೆ ಕಾಫಿ ಮುಗಿಯಿತು. ಜೇಬುಗಳೆಲ್ಲ ತುಂಬಿದ್ದವು. ಮಾತ್ರೆ ಡಬ್ಬಿಯಲ್ಲಿತ್ತು, ಗಂಟುಗಳು ಬಂದಿದ್ದವು, ಟೋಪಿಯ ದಾರ ಕೆರೆಯುತ್ತಿರಲಿಲ್ಲ. ಇನ್ನು ಹೊರಡುವುದೊಂದೇ ಬಾಕಿ. ಇಬ್ಬರೂ ಎದುರುಬದುರಾಗಿ ಕೂತರು.

“ಟೋಪಿ ಸರಿಯಾಗಿದೆ ತಾನೇ?” ಎಂದರು ಡಾಕ್ಟರು.

“ಸರಿಯಾಗಿದೆ.”

ಮತ್ತೆ ಏನೂ ಇಲ್ಲ. ಡಾಕ್ಟರು ಬಲಗಡೆಯ ಜೇಬು ಮುಟ್ಟಿ ನೋಡಿಕೊಂಡರು. ಅನೌನ್ಸರಮ್ಮ ಟೇಪಿನ ಎದ್ದ ತುದಿಯನ್ನು ಬೆರಳಿನಿಂದ ಒತ್ತಿದರು. ಹೊತ್ತು ಹೋಗಲೇ ಇಲ್ಲ. ಸಮುದ್ರದಲ್ಲಿ ಅತ್ತೆ ಟೀವಿ ಹಾಕಿದರು. ಇಬ್ಬರ ಮುಖವೂ ಒಟ್ಟಿಗೇ ಅತ್ತ ತಿರುಗಿ, ತಿರುಗಿದ್ದು ಇಬ್ಬರಿಗೂ ಗೊತ್ತಾಗಿ, ಮತ್ತೆ ನೆಲ ನೋಡತೊಡಗಿದವು. ನನಗೆ ನಿಜವಾಗಿ ಹೆದರಿಕೆಯಾಯಿತು. ಹಾಸ್ಯದ ಕಥೆ ಬರೆಯಲು ಹೊರಟವರು ಇಂಥ ಜಾಗಕ್ಕೆ ಬಂದು ನಿಲ್ಲಬಾರದು. ಅಧ್ಯಾಯ ಅಲ್ಲಿಗೇ ಮುಗಿಸಿ ಎದ್ದುಬಿಟ್ಟೆ.

೫

ಮರುದಿನ ಕ್ಯಾಪ್ಟನ್ನು ನನ್ನ ಕೋಣೆಗೇ ನುಗ್ಗಿದ. (ಹೇಗೆ ಬಂದ ಎಂದು ಕೇಳಬೇಡಿ. ನನ್ನ ಕಥೆ, ನನ್ನ ಬಾಗಿಲು.)

“ಏನ್ಸಾರ್ ಇದು? ದೋಣಿಗೆ ಹೊಸ ಬಣ್ಣ ಹೊಡೆದು ಕೂತಿದೀನಿ. ಇವತ್ತು ಆ ಮೇಡಂ ಗಾಜಿನ ಗೂಡಿಂದ ಫೋನ್ ಮಾಡ್ತಾರೆ. ‘ನಮ್ಮನೆಯವರಿಗೆ ಎಂಜಿನ್ ಕೆಟ್ಟಿದೆ ಅಂತ ಹೇಳ್ಬಿಡಿ, ನಾನು ಹೇಳಿದ್ದು ಅಂತ ಮಾತ್ರ ಬಾಯಿ ಬಿಡ್ಬೇಡಿ’ ಅಂತಾರೆ.”

“ಸರಿ, ಹೇಳಿಬಿಡಿ.”

“ತಡೀರಿ, ಮುಗೀಲಿಲ್ಲ. ಮಧ್ಯಾಹ್ನ ಡಾಕ್ಟ್ರ ಫೋನು. ಹಿಂದೆ ಯಾರೋ ಆಂ ಆಂ ಅಂತಿದಾರೆ. ‘ನನ್ನ ಹೆಂಡ್ತಿಗೆ ಗಾಳಿ ಸರಿಯಿಲ್ಲ ಅಂತ ಹೇಳಿ, ಅವಳಿಗೆ ಬೇಜಾರಾಗದ ಹಾಗೆ ಹೇಳಿ’ ಅಂತಾರೆ. ಸಾರ್, ನನ್ನ ಎಂಜಿನ್ನು ಚಿನ್ನದ ಹಾಗಿದೆ. ಗಾಳಿನೂ ಬಂಗಾರದ ಹಾಗಿದೆ. ಇವರಿಗೇನು ಬಂದಿದೆ?”

“ಹೆದರಿಕೆ ಬಂದಿದೆ ಕ್ಯಾಪ್ಟನ್ರೇ.”

“ಸಮುದ್ರ ಅಂದ್ರೆ ಹೆದರಿಕೆನಾ? ಅದಕ್ಕೆ ಜಾಕೆಟ್ ಇದೆ.”

“ಸಮುದ್ರ ಅಲ್ಲ. ಅಲ್ಲಿಗೆ ಹೋದ್ರೆ ಒಬ್ಬರಿಗೊಬ್ಬರು ಮಾತಾಡಬೇಕಲ್ಲ. ತಯಾರಿ ಇರೋವರೆಗೂ ಮಾತಿತ್ತು. ಅದು ಮುಗಿದ್ರೆ ಮತ್ತೆ ಹಳೇ ಸೋಫಾ.”

ಕ್ಯಾಪ್ಟನ್ನು ಟೋಪಿ ತೆಗೆದು ತಲೆ ಕೆರೆದುಕೊಂಡ. “ಈಗ ಯಾರ ಮಾತು ಕೇಳ್ಲಿ?”

“ಇಬ್ಬರದ್ದೂ ಕೇಳಿ,” ಎಂದೆ. ಇದು ನನ್ನ ಕಿತಾಪತಿ, ಒಪ್ಪಿಕೊಳ್ಳುತ್ತೇನೆ.

೬

ಸಂಜೆ ಡಾಕ್ಟರು ಜೋಲುಮುಖ ಹಾಕಿಕೊಂಡು ಬಂದರು. “ಎಂಜಿನ್ ಕೆಟ್ಟಿದೆಯಂತೆ ಕಣೇ. ಈ ಸಲ ಆಗಲ್ವಂತೆ.”

ಅನೌನ್ಸರಮ್ಮನ ಮುಖವೂ ಅಷ್ಟೇ ಜೋತುಬಿದ್ದಿತ್ತು. “ಅಯ್ಯೋ, ನನಗೂ ಫೋನ್ ಮಾಡಿದ್ದ. ಗಾಳಿ ಸರಿಯಿಲ್ವಂತೆ ಕಣ್ರೀ. ಮುಂದಿನ ಸಲ ನೋಡೋಣ ಬಿಡಿ. ಅಷ್ಟರಲ್ಲಿ ಇನ್ನೂ ಒಳ್ಳೇ ಟೋಪಿ ಹುಡುಕಬಹುದು.”

“ಹೌದೌದು. ಬೂಟಿನ ಬಗ್ಗೆ ನಾವು ಯೋಚ್ನೇನೇ ಮಾಡಿಲ್ಲ ನೋಡು!”

ಇಬ್ಬರ ಎದೆಯ ಮೇಲಿನ ಕಲ್ಲು ಇಳಿಯಿತು. ಬೂಟಿನ ವಿಷಯ ಶುರುವಾಗಿಯೇಬಿಡುತ್ತಿತ್ತು. ಅಷ್ಟರಲ್ಲಿ ಸಮುದ್ರದಿಂದ ಅತ್ತೆ ಬಾಯಿ ಹಾಕಿದರು.

“ಅಲ್ವೋ, ಒಬ್ಬ ಕ್ಯಾಪ್ಟನ್ನು, ಒಂದು ದೋಣಿ. ನಿನಗೆ ಎಂಜಿನ್ ಅಂತಾನೆ, ಇವಳಿಗೆ ಗಾಳಿ ಅಂತಾನೆ. ನಿಮ್ಮಿಬ್ಬರಲ್ಲಿ ಯಾರು ಏನ್ ಮಾಡಿದ್ರಿ?”

ಡಾಕ್ಟರು ಹೆಂಡತಿಯನ್ನು ನೋಡಿದರು. ಅನೌನ್ಸರಮ್ಮ ಗಂಡನನ್ನು ನೋಡಿದರು. ಇಬ್ಬರ ಬಣ್ಣವೂ ಒಟ್ಟಿಗೇ ಬಯಲಾಯಿತು.

ಮುಗಿಸಲು ಮೂರು ದಾರಿ (ಓದುಗರೇ, ನನ್ನ ಕೈಕಾಲು ಆಡುತ್ತಿಲ್ಲ, ಬೇಕಾದ್ದು ಆರಿಸಿಕೊಳ್ಳಿ)

ಕ) ಇಬ್ಬರೂ ನಕ್ಕು, ಹೊರಟೇಬಿಡುತ್ತಾರೆ. ದೊಡ್ಡ ಮೀನು ಸಿಗುತ್ತದೆ. ಅದನ್ನು ಎತ್ತಿ ಹಿಡಿದು ಫೋಟೋ.

“ಬೇಡ,” ಎಂದರು ಅನೌನ್ಸರಮ್ಮ. “ಆ ಫೋಟೋದಲ್ಲಿ ನಾವಿಬ್ರೂ ಮೀನನ್ನೇ ನೋಡ್ತಿದೀವಿ.”

ಖ) ನಡುಸಮುದ್ರದಲ್ಲಿ ಬಿರುಗಾಳಿ. ದೋಣಿ ಹೊಯ್ದಾಡುತ್ತದೆ. ಗಂಡಹೆಂಡಿರು ಕೈ ಕೈ ಹಿಡಿದುಕೊಳ್ಳುತ್ತಾರೆ.

“ಕೈ ಹಿಡಿಯೋಕೆ ಬಿರುಗಾಳಿ ಯಾಕ್ರೀ ಬೇಕು?” ಎಂದು ಡಾಕ್ಟರು ನನ್ನ ಮೇಲೆ ರೇಗಿದರು. ಮರುಕ್ಷಣ ತಾವು ಹೇಳಿದ್ದು ತಮಗೇ ಕೇಳಿಸಿದ ಹಾಗೆ ತಮ್ಮ ಕೈಯನ್ನೇ ನೋಡಿಕೊಂಡರು.

ಗ) ಇದು ಅತ್ತೆಯದು. “ನನ್ನನ್ನ ಕಳಿಸಿ. ನಾನೂ ಕ್ಯಾಪ್ಟನ್ನೂ ಹೋಗ್ಬರ್ತೀವಿ. ನನಗೇನು ಮಾತಿಗೆ ಬರವಾ?”

ನಿಜ ಹೇಳಬೇಕೆಂದರೆ ಮೂರರಲ್ಲಿ ಅದೇ ಚೆನ್ನಾಗಿತ್ತು. ಬರೆಯಲು ಕೂಡ ಶುರುಮಾಡಿದ್ದೆ.

ಆದರೆ ಅಷ್ಟರಲ್ಲಿ ಅನೌನ್ಸರಮ್ಮ ಟೇಪು ದಾಟಿ ದೋಣಿಯೊಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟರು. ಟೋಪಿಯಿಲ್ಲ, ಜಾಕೆಟ್ಟಿಲ್ಲ, ಕೆಲಸದಿಂದ ಬಂದ ಬಟ್ಟೆಯಲ್ಲೇ. ಇದನ್ನು ನಾನು ಬರೆದಿರಲಿಲ್ಲ.

“ಬನ್ನಿ ಇಲ್ಲಿ,” ಎಂದರು ಗಂಡನಿಗೆ.

ಡಾಕ್ಟರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಟೇಪು ತುಳಿಯದ ಹಾಗೆ ಕಾಲೆತ್ತಿಟ್ಟು ಬಂದು ಎದುರಿಗೆ ಕೂತರು.

“ನನ್ನೊಬ್ಬಳ ಜೊತೆ ಹೋಗೋಕೆ ನಿಮಗೆ ಭಯ ಆಯ್ತಾ?”

“ಆಯ್ತು ಕಣೇ.”

“ನನಗೂ ಆಯ್ತು.”

ಅತ್ತೆ ಟೀವಿ ಆರಿಸಿದರು. “ನನಗೆ ಈ ಸಮುದ್ರ ಸಾಕಾಯ್ತಪ್ಪ,” ಎಂದು ಮೆಲ್ಲಗೆ ಎದ್ದು ತಮ್ಮ ಕೋಣೆಗೆ ಹೋದರು.

“ನಿಮಗೇನು ಭಯ, ಹೇಳಿ,” ಎಂದರು ಅನೌನ್ಸರಮ್ಮ. “ನಾನು ಕಾಯ್ತೀನಿ.”

ಡಾಕ್ಟರು ಬಾಯಿ ತೆರೆದರು. “ಆಂ...” ಎಂದರು, ತಮ್ಮ ಕುರ್ಚಿಯಲ್ಲಿ ಮಲಗಿದವರ ಹಾಗೆಯೇ. ಅನೌನ್ಸರಮ್ಮ ಕಾದರು. ನಾನೂ ಪೆನ್ನು ಹಿಡಿದು ಬಗ್ಗಿ ಕಾದೆ. ಆಗ ಇಬ್ಬರೂ ಒಟ್ಟಿಗೆ ತಲೆಯೆತ್ತಿ ನನ್ನ ಕಡೆ ನೋಡಿದರು.

“ಸ್ವಲ್ಪ ಹೊರಗೆ ಹೋಗ್ತೀರಾ?” ಎಂದರು ಅನೌನ್ಸರಮ್ಮ.

“ನಾನು ಕಥೆಗಾರ ಕಣಮ್ಮ,” ಎಂದೆ.

“ಗೊತ್ತು. ಬಾಗಿಲು ಎಳ್ಕೊಂಡು ಹೋಗಿ.”

(ಇಷ್ಟು ವರ್ಷ ಬರೆದಿದ್ದೇನೆ, ನನ್ನದೇ ಕಥೆಯಿಂದ ಯಾರೂ ನನ್ನನ್ನು ಹೀಗೆ ಆಚೆ ಹಾಕಿರಲಿಲ್ಲ. ಸಂಕಟವಾಯಿತು. ಆದರೂ ಬಾಗಿಲು ಎಳೆದುಕೊಂಡೇ ಬಂದೆ.)

ಈಗ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಡಾಕ್ಟರು ಏನು ಹೇಳಿದರು ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಕಿವಿ ಹಚ್ಚಿದೆ, ಮಾತು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಮೊದಲು ಒಂದು ಗಂಡುದನಿ, ತಡವರಿಸಿಕೊಂಡು. ಆಮೇಲೆ ಹೆಣ್ಣುದನಿ, ಮೈಕಿನಲ್ಲಿ ಕೇಳುವುದಕ್ಕಿಂತ ತುಂಬ ಸಣ್ಣದು. ಅವರು ಹೋಗುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಅತ್ತಿರಲೂಬಹುದು, ಜಗಳವೂ ಆಗಿರಬಹುದು. ಟೋಪಿಯ ಮಾತಂತೂ ಅಲ್ಲ.

ಫೋನು ಬಡಿದುಕೊಳ್ಳುತ್ತಿದೆ. ಕ್ಯಾಪ್ಟನ್ನು.

“ಸಾರ್, ಹೊರಡೋದಾ ಇಲ್ವಾ? ಒಂದು ಮಾತು ಹೇಳ್ಬಿಡಿ.”

“ಸ್ವಲ್ಪ ತಡೀರಿ ಕ್ಯಾಪ್ಟನ್ರೇ,” ಎಂದೆ. “ಒಳಗೆ ಮಾತಾಡ್ತಿದಾರೆ.”