ಕಾಟಮ್ಮನ ಹತ್ತು ರಜೆಗಳು

ಪ್ರತಿ ವರ್ಷ ಮಾರ್ಚ್ ಮೂವತ್ತರಂದು ನಾನು ಕಾಟಮ್ಮನಿಗೆ ಒಂದು ಸುಳ್ಳು ಹೇಳುತ್ತಿದ್ದೆ. "ನಾಳೆ ನಿಂಗೆ ರಜಾ ಕಣಮ್ಮ, ಮಗಳ ಮನೆಗೆ ಹೋಗಿ ಬಾ."

ಶಿರಾದಿಂದ ಬಡವನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ಕೇಂದ್ರವಿದೆ. ನಾನು ನಿಯಾಜ್ ಅಹಮದ್, ಅಲ್ಲಿಯ ಹಿರಿಯ ಗುಮಾಸ್ತ. ಕಾಟಮ್ಮ ಕಸ ಗುಡಿಸುವ ದಿನಗೂಲಿ ಹೆಂಗಸು. ದಿನಗೂಲಿಯವರು ವರ್ಷಗಟ್ಟಲೆ ಎಡೆಬಿಡದೆ ದುಡಿದರೆ ನಾಳೆ ಕಾಯಂ ಮಾಡಿ ಎಂದು ಕೇಳಿಯಾರು ಎಂಬ ಭಯ ಮೇಲಿನವರಿಗೆ. ಅದಕ್ಕೇ ವರ್ಷಕ್ಕೊಂದು ದಿನ ಕೆಲಸದಿಂದ ತೆಗೆದು, ಮರುದಿನ ಹೊಸದಾಗಿ ಸೇರಿಸಿಕೊಂಡಂತೆ ರಿಜಿಸ್ಟರಿನಲ್ಲಿ ಬರೆಯಬೇಕು. ಆದೇಶ ಬಾಯಿಮಾತಿನದು, ಬರೆಯುತ್ತಿದ್ದವನು ನಾನು.

ತೆಗೆದಿದ್ದೇವೆ ಎಂದರೆ ಅಳುತ್ತಾಳೆ, ಜಗಳಕ್ಕೂ ನಿಲ್ಲಬಹುದು. ರಜಾ ಎಂದರೆ ನಗುತ್ತಾಳೆ. ಪುಕ್ಕಲ ನಾನು, ಸುಲಭದ್ದನ್ನೇ ಆರಿಸಿಕೊಂಡೆ.

ಆಕೆ ಕಳ್ಳಂಬೆಳ್ಳದ ಮಗಳ ಮನೆಗೆ ಹೋಗಿ, ಬರುವಾಗ ಹೊಸ ಹುಣಸೆಹಣ್ಣಿನ ಉಂಡೆ ತಂದು ನನ್ನ ಮೇಜಿನ ಮೇಲಿಡುತ್ತಿದ್ದಳು. "ಬ್ಯಾರೇರ್ನ ಒಂದಿನ ಕೇಳುದ್ರೂ ಮುಖ ಗಂಟಾಕ್ತಾರೆ. ಕೇಳ್ದೆ ರಜಾ ಕೊಡೋರು ನೀವೊಬ್ರೇ ಸಾಹೇಬ್ರೇ." ಆ ದಿನದ ಕೂಲಿಯೂ ಇಲ್ಲದ ರಜೆಗೆ ಇಷ್ಟೊಂದು ಉಪಕಾರಸ್ಮರಣೆ! ಹತ್ತು ವರ್ಷ ನಮ್ಮ ಮನೆಯ ಸಾರಿಗೆ ಅವಳ ಹುಳಿಯೇ. "ನಿಮ್ಮನ್ನ ಕಂಡ್ರೆ ಎಷ್ಟು ಗೌರವ ಆ ಹೆಂಗಸಿಗೆ" ಎಂದು ನನ್ನ ಹೆಂಡತಿ ಶಾಹಜಾದಿ ಬಡಿಸುವಾಗ ನನಗೆ ನಾಚಿಕೆಯಾಗುತ್ತಿತ್ತು. ಆದರೂ ಉಣ್ಣುತ್ತಿದ್ದೆ.

ಈ ಜೂನ್‌ನಲ್ಲಿ ಪ್ರಕಟಣೆ ಬಂತು. ನಾಲ್ಕು ಕಾಯಂ ಹುದ್ದೆ. ಪಿಂಚಣಿ, ಆಸ್ಪತ್ರೆ ಖರ್ಚು, ಸಂಬಳದ ರಜೆ ಎಲ್ಲ ಉಂಟು. ಆದರೆ ಹತ್ತು ವರ್ಷ ಎಡೆಬಿಡದೆ ದುಡಿದವರಿಗೆ ಮಾತ್ರ. ಅರ್ಜಿ ಹಿಡಿದು ಎಲ್ಲರಿಗಿಂತ ಮೊದಲು ಬಂದವಳು ಕಾಟಮ್ಮ.

"ಮಂಡಿ ಆಪ್ರೇಸನ್ ಆಗ್ಬೇಕು ಅಂದವ್ರೆ ಡಾಕ್ಟ್ರು. ಕಾಯಂ ಆದ್ರೆ ಆಸ್ಪತ್ರೆ ಖರ್ಚು ಇವ್ರೇ ಕೊಡ್ತಾರಂತಲ್ಲ?"

ಹೂಂ ಎಂದು ಅರ್ಜಿ ತೆಗೆದುಕೊಂಡೆ. ಹದಿನೈದೇ ದಿನಕ್ಕೆ ಅದು ವಾಪಸು ಬಂತು. ಸೇವೆಯಲ್ಲಿ ಹತ್ತು ಸಲ ವಿರಾಮವಿದೆ, ಅರ್ಹರಲ್ಲ ಎಂದು ಬರೆದಿತ್ತು.

"ನಾನು ಒಂದಿನಾನೂ ತಪ್ಸಿಲ್ವಲ್ಲ! ಯಾರು ಬರ್ದವ್ರೆ ಅಂಗೆ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸೇರಿಸಿದೆ. "ವರ್ಷಕ್ಕೊಂದು ರಜಾ ಹೋಗ್ತಿದ್ದೆಯಲ್ಲಮ್ಮ, ಅದೇ ಅಡ್ಡ ಬಂತು" ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು. "ಹತ್ತು. ತಪ್ಪು ನಂದೇ ಬುಡಿ. ಕೊಡ್ತಾರೆ ಅಂತ ನಿಮ್ ಒಳ್ಳೇತನಾನ ನಾನೇ ಜಾಸ್ತಿ ಬಳಸ್ಕೊಂಬುಟ್ಟೆ" ಎಂದು ಹೊರಟುಹೋದಳು. ಕೂಗಿ ಕರೆಯಲಿಲ್ಲ ನಾನು.

ಭಾನುವಾರ ಯಾವುದೋ ಫೈಲು ತರಲು ಕಚೇರಿಗೆ ಹೋದೆ. ಮೆಟ್ಟಿಲ ಮೇಲೆ ಒಂದು ಕಾಲು ಎಳೆಯುತ್ತ ಕಾಟಮ್ಮ ಕಸ ಗುಡಿಸುತ್ತಿದ್ದಳು.

"ಇವತ್ತು ಭಾನುವಾರ ಅಲ್ವೇನಮ್ಮ?"

ಅವಳು ಮಂಡಿ ಹಿಡಿದು ನೆಟ್ಟಗೆ ನಿಂತು ನಕ್ಕಳು.

"ನೀವು ಕೊಟ್ಟಿದ್ ರಜಾ ತೀರಿಸ್ತಾ ಇವ್ನಿ. ಇವತ್ಗೆ ಒಂದಾಯ್ತು, ಬುಕ್ಕಲ್ಲಿ ಬರ್ಕೊಳ್ಳಿ ಸಾಹೇಬ್ರೇ. ಇನ್ನೊಂಬತ್ತು ಭಾನ್ವಾರ ಬಂದ್ಬುಡ್ತೀನಿ."